ಹೊಸದಾಗಿ ಬಂದ ಗಿಳಿ: ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನಲ್ಲ

ಪ್ರಶ್ನೆ: ನಮಸ್ಕಾರ. ಪಕ್ಷಿ ರಕ್ಷಣಾ ಕೇಂದ್ರವೊಂದರಲ್ಲಿ ಮೂರು ತಿಂಗಳಿಂದ ಸ್ವಯಂಸೇವಕಿಯಾಗಿದ್ದೇನೆ. ಕಳೆದ ವಾರ ಒಂದೇ ಮನೆಯಿಂದ ಐದು ಗಿಳಿಗಳು ಬಂದವು. ಸಾಕಿದವರು ತೀರಿಕೊಂಡಿದ್ದಾರೆ. ಒಂದು ಆಫ್ರಿಕನ್ ಗ್ರೇ, ಒಂದು ಅಮೆಜಾನ್, ಒಂದು ಬಿಳಿ ಕಾಕಟೂ, ಎರಡು ಕಾಕಟೀಲ್. ಜೊತೆಗೆ ಬಂದ ಫಾರಂನಲ್ಲಿ 'ಗ್ರೇ ತುಂಬಾ ಮಾತಾಡುತ್ತದೆ, ಅಮೆಜಾನ್ ಹೆಂಗಸರನ್ನು ಕಚ್ಚುತ್ತದೆ, ಕಾಕಟೂ ಪ್ರೀತಿಯ ಹಕ್ಕಿ' ಎಂದು ಬರೆದಿದ್ದಾರೆ. ಆದರೆ ಗ್ರೇ ಇದುವರೆಗೆ ಒಂದು ಮಾತೂ ಆಡಿಲ್ಲ, ಪಂಜರದ ಹಿಂದಿನ ಮೂಲೆ ಬಿಟ್ಟು ಬರುವುದಿಲ್ಲ. ನೀರಿನ ಬಟ್ಟಲು ತೆಗೆಯಲು ಹೋದಾಗ ಅಮೆಜಾನ್ ನನ್ನ ಬೆರಳು ಕಚ್ಚಿತು. ಕಾಕಟೂ ಎದೆಯ ಮೇಲೆ ಗರಿಯೇ ಇಲ್ಲ, ಆದರೆ ಮೊದಲ ದಿನದಿಂದಲೇ ನನ್ನ ಭುಜ ಬಿಟ್ಟು ಇಳಿಯುವುದಿಲ್ಲ. ದತ್ತು ಕೇಳಿ ಬರುವವರಿಗೆ ತೋರಿಸಲು ಎರಡು ವಾರದೊಳಗೆ ಪ್ರತಿ ಹಕ್ಕಿಯ ಸ್ವಭಾವ ಬರೆದುಕೊಡಿ ಎಂದು ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಎರಡು ವಾರದ ಗಡುವಿನ ಮಾತು ಮುಗಿಸಿಬಿಡೋಣ. ಎರಡು ವಾರದಲ್ಲಿ ಗಿಳಿಯ ಸ್ವಭಾವ ಬರೆಯಲು ಆಗುವುದಿಲ್ಲ. ನೀವು ಹೊಸಬರು ಅಂತಲ್ಲ, ಯಾರಿಗೂ ಆಗುವುದಿಲ್ಲ. ಹೊಸ ಜಾಗಕ್ಕೆ ಬಂದ ಗಿಳಿ ಮೊದಲ ಕೆಲವು ವಾರ ನೆಂಟರ ಮನೆಗೆ ಬಂದ ಮಗುವಿನ ಹಾಗೆ. ಕೆಲವು ಬಾಯಿ ಮುಚ್ಚಿ ಮೂಲೆ ಹಿಡಿಯುತ್ತವೆ. ಕೆಲವು ಸಿಕ್ಕವರ ಕೈಯೆಲ್ಲ ಹತ್ತುತ್ತವೆ. ಎರಡನ್ನೂ ನಂಬುವ ಹಾಗಿಲ್ಲ. ಈ ಜಾಗ ನನ್ನದು ಎಂದು ಅನಿಸಿದ ಮೇಲೆಯೇ ಅಸಲಿ ಆಟ ಶುರು.

ಇದನ್ನು ನಾನು ಕಲಿತದ್ದು ಎಡವಿ. ಶುರುವಿನ ವರ್ಷಗಳಲ್ಲಿ ನನ್ನ ಕೈಗೆ ಒಂದು ಅಮೆಜಾನ್ ಬಂದಿತ್ತು. ಹತ್ತನೇ ದಿನ ಅದರ ಹಾಳೆಯಲ್ಲಿ 'ಶಾಂತ ಸ್ವಭಾವ, ಮಕ್ಕಳಿರುವ ಮನೆಗೂ ಆಗುತ್ತದೆ' ಎಂದು ಬರೆದೆ. ಹೋದ ಮನೆಯಿಂದ ಆರೇ ವಾರಕ್ಕೆ ವಾಪಸ್ ಬಂತು. ಪಂಜರದ ಹತ್ತಿರ ಹೋದವರನ್ನೆಲ್ಲ ಕಚ್ಚಿತ್ತು. ನಮ್ಮಲ್ಲಿದ್ದಾಗ ಅದು ಶಾಂತವಾಗಿರಲಿಲ್ಲ, ಹೆದರಿ ಕಲ್ಲಾಗಿತ್ತು. ನನ್ನ ಕಣ್ಣಿಗೆ ಕಂಡದ್ದು 'ಅಲುಗದೆ ಕೂತಿದೆ' ಅನ್ನುವುದಷ್ಟೇ. ಕೈ ಬರೆದದ್ದು 'ಶಾಂತ' ಎಂದು. ಆಮೇಲಿಂದ ನನ್ನ ನೋಟ್‌ಬುಕ್‌ನಲ್ಲಿ ಕಂಡದ್ದಕ್ಕೆ ಮಾತ್ರ ಜಾಗ. ಕೋಪಿಷ್ಠ, ಪಾಪದ್ದು, ಜಾಣ, ಹಟಮಾರಿ ಇಂಥ ಮಾತು ಒಂದೂ ಬರಕೂಡದು. ನಿಮಗೂ ಇದನ್ನೇ ಹೇಳುತ್ತೇನೆ. ಐದು ಹಕ್ಕಿಗೆ ಐದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ, ಯಾರು ಹತ್ತಿರ ಇದ್ದಾಗ, ಏನಾದ ಮೇಲೆ ಏನು ಮಾಡಿತು. ಇಷ್ಟೇ ಬರೆಯಿರಿ.

ಈಗ ಆ ಫಾರಂ. ಅದರಲ್ಲಿರುವುದು ಹಕ್ಕಿಯ ಕಥೆಗಿಂತ ಜಾಸ್ತಿ ಆ ಮನೆಯ ಕಥೆ. 'ಹೆಂಗಸರನ್ನು ಕಚ್ಚುತ್ತದೆ' ಅಂದರೆ ಏನು? ಆ ಮನೆಯಲ್ಲಿ ಪಂಜರಕ್ಕೆ ಕೈ ಹಾಕಿ ಕ್ಲೀನ್ ಮಾಡುತ್ತಿದ್ದವರು ಒಬ್ಬ ಹೆಂಗಸು ಆಗಿದ್ದಿರಬಹುದು. ಗಂಡಸರು ಬರೀ ತಿಂಡಿ ಕೊಟ್ಟು ಹೋಗುತ್ತಿದ್ದಿರಬಹುದು. ಆಗ ಗಿಳಿಗೆ ಬೇಡವಾಗಿದ್ದು ಹೆಂಗಸರಲ್ಲ, ಪಂಜರದೊಳಗೆ ಬರುವ ಕೈ. ಹಾಗಂತ ಫಾರಂ ಎಸೆಯಬೇಡಿ. ಆ ಮನೆಯವರು ಯಾರಾದರೂ ಸಿಕ್ಕರೆ ಫೋನ್ ಮಾಡಿ, ಬೇರೆ ತರಹದ ಪ್ರಶ್ನೆ ಕೇಳಿ. ಸ್ವಭಾವ ಹೇಗೆ ಅಂತ ಕೇಳಬೇಡಿ. ಬೆಳಿಗ್ಗೆ ಮೊದಲು ಏನು ಹಾಕುತ್ತಿದ್ದರು? ಪಂಜರ ಯಾವ ಕೋಣೆಯಲ್ಲಿತ್ತು, ಕಿಟಕಿ ಯಾವ ಕಡೆಗಿತ್ತು? ರಾತ್ರಿ ಬಟ್ಟೆ ಮುಚ್ಚುತ್ತಿದ್ದರಾ? ಗ್ರೇ ಎದುರು ಬಂದಾಗ ತೀರಿಕೊಂಡವರು ಏನಂತ ಮಾತಾಡಿಸುತ್ತಿದ್ದರು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ನಿಮಗೆ ಅರ್ಧ ಕೆಲಸ ಕಡಿಮೆ.

ಫಾರಂನಲ್ಲಿರುವ ವಯಸ್ಸನ್ನೂ ಹಕ್ಕಿಯ ಮೈಯಲ್ಲಿ ತಾಳೆ ನೋಡಬಹುದು. ಕಾಲಿನಲ್ಲಿ ಬೆಸುಗೆಯೇ ಇಲ್ಲದ ಮುಚ್ಚಿದ ರಿಂಗ್ ಇದ್ದರೆ ಅದನ್ನು ಮರಿಯಾಗಿದ್ದಾಗಲೇ ಹಾಕಿರಬೇಕು, ಪಾದ ಬೆಳೆದ ಮೇಲೆ ತೂರಿಸಲು ಆಗುವುದಿಲ್ಲ. ಎಷ್ಟೋ ರಿಂಗ್‌ಗಳ ಮೇಲೆ ಇಸವಿಯೂ ಇರುತ್ತದೆ. ಗ್ರೇ ಮರಿಯ ಕಣ್ಣು ಕಡು ಬೂದು ಬಣ್ಣ, ಬೆಳೆದದ್ದರ ಕಣ್ಣು ತಿಳಿ ಹಳದಿ. 'ಆರು ತಿಂಗಳ ಮರಿ' ಎಂದು ಬರೆಸಿಕೊಂಡು ಹಳದಿ ಕಣ್ಣಿನ ಗ್ರೇ ಬಂದದ್ದನ್ನು ನಾನು ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ಒಂದು ಮಾತು ನನಗೆ ಚುಚ್ಚಿತು. ಕಾಕಟೂ ಭುಜ ಬಿಟ್ಟು ಇಳಿಯುವುದಿಲ್ಲ ಅಂದಿರಿ. ಬಂದು ಒಂದು ವಾರ ಆಗಿದೆ ಅಷ್ಟೆ. ಅದನ್ನು ಭುಜದ ಮೇಲೆ ಕೂರಿಸಿಕೊಂಡು ಬೇರೆ ಹಕ್ಕಿಗಳ ಹತ್ತಿರ ಓಡಾಡುತ್ತಿದ್ದೀರಾ? ಹಾಗಿದ್ದರೆ ಇವತ್ತೇ ನಿಲ್ಲಿಸಿ. ಹೊಸ ಹಕ್ಕಿಗಳಿಗೆ ಕನಿಷ್ಠ 30ರಿಂದ 45 ದಿನ ಕ್ವಾರಂಟೈನ್ ಬೇಕು. ಪರದೆ ಕಟ್ಟಿ ಬೇರೆ ಮಾಡಿದರೆ ಸಾಲದು, ಗಾಳಿಯೇ ಬೇರೆ ಇರುವ ಕೋಣೆ ಆಗಬೇಕು. ಹಳೆಯ ಹಕ್ಕಿಗಳ ಕೆಲಸ ಮೊದಲು ಮುಗಿಸಿ, ಹೊಸಬರ ಹತ್ತಿರ ಕೊನೆಯಲ್ಲಿ ಹೋಗಿ. ಬಟ್ಟಲು, ಬ್ರಷ್, ಟವೆಲ್ ಎಲ್ಲವೂ ಬೇರೆ. ಹೊರಗೆ ಬಂದ ಮೇಲೆ ಬಟ್ಟೆ ಬದಲಿಸಿ, ಕೈ ತೊಳೆಯಿರಿ. ಐದೂ ಒಂದೇ ಮನೆಯವು, ಹಾಗಾಗಿ ಅವನ್ನು ಒಂದೇ ಕ್ವಾರಂಟೈನ್ ಕೋಣೆಯಲ್ಲಿ ಇಡಬಹುದು. ಆ ಮಟ್ಟಿಗೆ ನಿಮ್ಮ ಅದೃಷ್ಟ.

ಇದು ನಿಮ್ಮ ಆರೋಗ್ಯಕ್ಕೂ ಬೇಕು. ಗಿಳಿಗಳಿಂದ ಮನುಷ್ಯರಿಗೆ ಬರುವ ಸಿಟಕೋಸಿಸ್ ಎಂಬ ಕಾಯಿಲೆ ಇದೆ, ಕ್ಲಮಿಡಿಯ ಸಿಟಾಸಿ ಎಂಬ ಬ್ಯಾಕ್ಟೀರಿಯಾದಿಂದ. ಒಣಗಿದ ಹಿಕ್ಕೆಯ ಧೂಳನ್ನು ಉಸಿರಾಡಿದರೆ ಸಾಕು. ಹಾಗಾಗಿ ಪಂಜರದ ತಟ್ಟೆಯನ್ನು ಒದ್ದೆ ಮಾಡಿಯೇ ಒರೆಸಿ, ಸುಮ್ನೆ ಪೊರಕೆ ಹಾಕಬೇಡಿ, ಮಾಸ್ಕ್ ಬಿಡಬೇಡಿ. ನಿಮಗೆ ಜ್ವರ, ತಲೆನೋವು, ಒಣಕೆಮ್ಮು ಬಂದರೆ ವೈದ್ಯರಿಗೆ 'ಗಿಳಿಗಳ ಜೊತೆ ಕೆಲಸ ಮಾಡುತ್ತೇನೆ' ಎಂದು ಮೊದಲು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಹೊಳೆದರೆ ಚಿಕಿತ್ಸೆ ಇದೆ.

ಕಾಕಟೂ ಎದೆಯ ಗರಿ ಹೋಗಿರುವುದನ್ನು ನೋಡಿ ನೀವು 'ದುಃಖದಿಂದ ಕಿತ್ತುಕೊಂಡಿದೆ' ಅಂದುಕೊಂಡಿರಬಹುದು. ಇರಬಹುದು. ಆದರೆ ಮೊದಲು ಅದರ ತಲೆ ನೋಡಿ. ಗಿಳಿಗೆ ತನ್ನ ತಲೆಯ ಗರಿ ಕೀಳಲು ಕೊಕ್ಕು ಎಟುಕುವುದಿಲ್ಲ. ತಲೆ ತುಂಬಾ ಗರಿ ಇದ್ದು ಎದೆ ಬೋಳಾಗಿದ್ದರೆ ತಾನೇ ಕಿತ್ತುಕೊಂಡಿರುವ ಸಾಧ್ಯತೆ ಜಾಸ್ತಿ. ತಲೆಯೂ ಬೋಳಾಗಿದ್ದರೆ ಜೊತೆಗಿದ್ದ ಇನ್ನೊಂದು ಹಕ್ಕಿ ಕಿತ್ತಿರಬೇಕು, ಇಲ್ಲವೇ ಕಾಯಿಲೆ. ಕಾಕಟೂಗಳಲ್ಲಿ ಹೆಚ್ಚು ಭಯಪಡಬೇಕಾದ ಕಾಯಿಲೆ ಕೊಕ್ಕು ಮತ್ತು ಗರಿಗಳಿಗೆ ಬರುವ ಒಂದು ವೈರಸ್ ರೋಗ, ಪಿಬಿಎಫ್‌ಡಿ ಎನ್ನುತ್ತಾರೆ. ಅದಿದ್ದರೆ ಹೊಸ ಗರಿಗಳು ಸೊಟ್ಟಗೆ, ಬುಡದಲ್ಲಿ ಹಿಸುಕಿದ ಹಾಗೆ ಬರುತ್ತವೆ. ಇನ್ನೊಂದು ಗುರುತು ನನಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ. ಆರೋಗ್ಯವಾಗಿರುವ ಬಿಳಿ ಕಾಕಟೂ ಮೈಯಲ್ಲಿ ಟಾಲ್ಕಂ ಪೌಡರಿನಂಥ ಪುಡಿ ಇರುತ್ತದೆ. ಅದು ಕೂತಿದ್ದ ಭುಜ ಬಿಳಿಯಾಗುತ್ತದೆ. ಅದರ ಕಪ್ಪು ಕೊಕ್ಕು ಕೂಡ ಆ ಪುಡಿಯಿಂದ ಬೂದು ಬಣ್ಣಕ್ಕೆ ಕಾಣುತ್ತದೆ. ಪುಡಿ ಇಲ್ಲದೆ ಕೊಕ್ಕು ಮಿರಮಿರ ಮಿಂಚುತ್ತಿದ್ದರೆ ಚೆನ್ನಾಗಿದೆ ಎಂದು ಖುಷಿಪಡಬೇಡಿ, ಪಕ್ಷಿ ವೈದ್ಯರಿಗೆ ತೋರಿಸಿ. ರಕ್ತ ಪರೀಕ್ಷೆ ಹೇಗಿದ್ದರೂ ಆಗಲೇಬೇಕು. ಪರೀಕ್ಷೆಯ ಫಲ ಬರುವವರೆಗೆ ಸ್ವಭಾವದ ಮಾತೇ ಬೇಡ. ಮೈಗೆ ಹುಷಾರಿಲ್ಲದ ಹಕ್ಕಿಯ ಸ್ವಭಾವ ತಿಳಿಯುವುದು ಹೇಗೆ, ಅಲ್ವಾ?

ಗಿಳಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿ ಕಂಡದ್ದನ್ನೇ ಹದ್ದು ಮೊದಲು ಹಿಡಿಯುವುದು. ಆದರೆ ತೂಕವನ್ನು ಬಚ್ಚಿಡಲು ಆಗುವುದಿಲ್ಲ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಒಂದು ಸಾಕು, ಮೇಲೆ ಒಂದು ಕೋಲು ಕಟ್ಟಿಬಿಡಿ. ದಿನಾ ಬೆಳಿಗ್ಗೆ, ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು ತೂಗಿ. ಕಾಕಟೀಲ್ ಸುಮಾರು 80ರಿಂದ 100 ಗ್ರಾಂ, ಗ್ರೇ 400ರಿಂದ 500 ಗ್ರಾಂ ಅಂತಿದ್ದರೂ, ಪುಸ್ತಕದ ಲೆಕ್ಕಕ್ಕಿಂತ ಆ ಹಕ್ಕಿಯ ನಿನ್ನೆಯ ಲೆಕ್ಕ ಮುಖ್ಯ. ನೂರಕ್ಕೆ ಹತ್ತು ಭಾಗ ಇಳಿದರೆ ಕಾಯಬೇಡಿ, ಅವತ್ತೇ ವೈದ್ಯರು. 90 ಗ್ರಾಂ ಕಾಕಟೀಲ್‌ಗೆ ಆ ಹತ್ತು ಭಾಗ ಅಂದರೆ ಬರೀ 9 ಗ್ರಾಂ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ತಕ್ಕಡಿಗೆ ಬರಲು ಒಪ್ಪದ ಗ್ರೇಯನ್ನು ಏನು ಮಾಡುವುದು? ಹಿಡಿದು ತೂಗಬೇಡಿ. ಪರೀಕ್ಷೆಗೆಂದು ವೈದ್ಯರು ಹಿಡಿದ ದಿನವೇ ತೂಕ ತೆಗೆದುಕೊಳ್ಳಿ. ಉಳಿದ ದಿನ ಬಟ್ಟಲಿಗೆ ಹಾಕಿದ್ದನ್ನೂ ಉಳಿದದ್ದನ್ನೂ ತೂಗಿ, ಹಿಕ್ಕೆ ಎಣಿಸಿ. ಕಾಳಿನ ಸಿಪ್ಪೆ ಊದಿ ತೆಗೆದ ಮೇಲೆ ತೂಗಬೇಕು. ಬಟ್ಟಲು ತುಂಬಾ ಬರೀ ಸಿಪ್ಪೆ ಇದ್ದರೂ 'ತುಂಬಿದೆ' ಎಂದು ಬಿಟ್ಟು ಹಕ್ಕಿಯನ್ನು ಉಪವಾಸ ಕೆಡವಿದವರು ಇದ್ದಾರೆ. ಟವೆಲಿನಲ್ಲಿ ಹಿಡಿಯಲೇಬೇಕಾದರೆ ತಲೆಯನ್ನು ಹಿಡಿಯಿರಿ, ಎದೆಯನ್ನು ಅದುಮಬೇಡಿ. ಹಕ್ಕಿಗೆ ನಮ್ಮ ಹಾಗೆ ಎದೆಯ ಕೆಳಗೆ ಉಸಿರೆಳೆಯುವ ಸ್ನಾಯು, ಅಂದರೆ ವಪೆ, ಇಲ್ಲ, ಎದೆಗೂಡು ಹಿಂದೆ ಮುಂದೆ ಆಡಿದರೆ ಮಾತ್ರ ಉಸಿರು.

ಹಿಕ್ಕೆಯನ್ನೂ ಓದಲು ಕಲಿಯಿರಿ. ಅದರಲ್ಲಿ ಮೂರು ಭಾಗ: ಹಸಿರೋ ಕಂದೋ ಆದ ಮಲ, ಸುಣ್ಣದಂಥ ಬಿಳಿ, ಸುತ್ತ ನೀರು. ಬಂದ ಮೊದಲೆರಡು ದಿನ ಹೆದರಿಕೆಗೆ ನೀರು ಜಾಸ್ತಿ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಬಿಳಿ ಭಾಗ ಹಳದಿಗೋ ಕಡು ಹಸಿರಿಗೋ ತಿರುಗಿದರೆ ಗಾಬರಿಯಾಗಿ.

ಇನ್ನು ನಿಮ್ಮ ಬೆರಳು ಕಚ್ಚಿದ ಅಮೆಜಾನ್. ನೋಟ್‌ಬುಕ್‌ನಲ್ಲಿ 'ಕಚ್ಚುತ್ತದೆ' ಎಂದು ಬರೆದಿದ್ದೀರಾ? ಅಳಿಸಿ. 'ಬೆಳಿಗ್ಗೆ ಎಂಟಕ್ಕೆ, ನೀರಿನ ಬಟ್ಟಲಿಗೆ ಕೈ ಹಾಕಿದಾಗ ಕಚ್ಚಿತು' ಎಂದು ಬರೆಯಿರಿ. ಅದಕ್ಕಿಂತ ಎರಡು ಸೆಕೆಂಡ್ ಮೊದಲು ಏನಾಯಿತು ಎಂದು ನೆನಪು ಮಾಡಿಕೊಳ್ಳಿ. ಅಮೆಜಾನ್ ಹೇಳದೆ ಕಚ್ಚುವುದು ಅಪರೂಪ. ಕಣ್ಣಿನ ಪಾಪೆ ಚಿಕ್ಕದಾಗಿ ದೊಡ್ಡದಾಗಿ ಮಿನುಗುತ್ತದೆ. ಕತ್ತಿನ ಹಿಂದಿನ ಗರಿ ಏಳುತ್ತದೆ. ಬಾಲ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಮೂರೂ ಒಟ್ಟಿಗೆ ಕಂಡರೆ ಕೈ ಅಲ್ಲಿರಬಾರದು. ಪಾಪೆ ಒಂದೇ ಮಿನುಗಿದರೆ ಬರೀ ಉತ್ಸಾಹವೂ ಇರಬಹುದು, ಎಷ್ಟೋ ಗಿಳಿಗಳು ಹಾಡುವಾಗಲೂ ಹಾಗೆ ಮಾಡುತ್ತವೆ. ಅದಕ್ಕೇ ಒಂದೇ ಗುರುತು ಹಿಡಿದು ತೀರ್ಪು ಕೊಡಬೇಡಿ ಅನ್ನುವುದು.

ಕಚ್ಚಿದಾಗ ಬೈಯಬೇಡಿ, ಕೂಗಬೇಡಿ, ಪಂಜರ ಬಡಿಯಬೇಡಿ. ಕೂಗಿದರೆ ಕೆಲವು ಅಮೆಜಾನ್‌ಗಳಿಗೆ ಅದೇ ಒಂದು ನಾಟಕ, ಮತ್ತೆ ಬೇಕು ಅನ್ನುತ್ತವೆ. ಬೇಲಿ ಹಾಕಿದ ಮನೆಗೆ ಯಾರೋ ಹೇಳದೆ ಕೇಳದೆ ಕೈ ಹಾಕಿದ್ದಾರೆ, ಮನೆಯವರು ತಡೆದಿದ್ದಾರೆ. ನಡೆದದ್ದು ಇಷ್ಟೇ. ಉಪಾಯವೂ ಸುಲಭ. ಪಂಜರದ ಇನ್ನೊಂದು ಕೊನೆಯಲ್ಲಿ ಚಿಕ್ಕ ಬಟ್ಟಲು ಕಟ್ಟಿ. ಅದಕ್ಕೆ ಹೊರಗಿನಿಂದಲೇ ಎರಡು ಸೂರ್ಯಕಾಂತಿ ಬೀಜ ಹಾಕಿ. ಅದು ಆ ಕಡೆ ತಿನ್ನುತ್ತಿರುವಾಗ ಈ ಕಡೆ ನೀರು ಬದಲಿಸಿ. ಒಂದು ವಾರ ಕಳೆಯುವುದರೊಳಗೆ ನಿಮ್ಮನ್ನು ಕಂಡ ತಕ್ಷಣ ಅದೇ ಆ ಕೊನೆಗೆ ಹೋಗಿ ಕಾದು ಕೂತರೂ ಆಶ್ಚರ್ಯವಿಲ್ಲ. ಆಮೇಲೆ ಕಡ್ಡಿಯ ಪಾಠ. ಸರಳುಗಳ ಹೊರಗಿನಿಂದ ಒಂದು ಕಡ್ಡಿಯ ತುದಿ ತೋರಿಸಿ. ಕೊಕ್ಕಿನಿಂದ ಮುಟ್ಟಿದರೆ ಒಂದು ಬೀಜ. ಎರಡು ಮೂರು ನಿಮಿಷ ಸಾಕು, ಅದಕ್ಕೆ ಬೇಜಾರಾಗುವ ಮೊದಲೇ ನಿಲ್ಲಿಸಿ. ಕಡ್ಡಿ ಹೋದ ಕಡೆ ಗಿಳಿ ಬರಲು ಕಲಿತರೆ ತಕ್ಕಡಿಗೂ ಬರುತ್ತದೆ, ಸಾಗಿಸುವ ಪೆಟ್ಟಿಗೆಗೂ ಬರುತ್ತದೆ. ಕೈ ಮುಟ್ಟಿಸುವ ಅಗತ್ಯವೇ ಇಲ್ಲ.

ಒಂದು ಚಿಕ್ಕ ವಿಷಯ. ಗಿಳಿ ಕೈಗೆ ಹತ್ತುವ ಮೊದಲು ಕೊಕ್ಕು ಚಾಚಿ ಬೆರಳನ್ನು ಹಿಡಿದು ನೋಡುತ್ತದೆ. ಅದಕ್ಕೆ ಕೊಕ್ಕೇ ಮೂರನೇ ಕಾಲು. ಈ ಕೊಂಬೆ ಗಟ್ಟಿಯಿದೆಯಾ ಎಂದು ನೋಡುತ್ತಿದೆ. ಆಗ ನೀವು ಕೈ ಎಳೆದುಕೊಂಡರೆ ಕೊಂಬೆ ಟೊಳ್ಳು ಎಂದು ಅದಕ್ಕೆ ಖಾತ್ರಿಯಾಗುತ್ತದೆ. ಮುಂದಿನ ಸಲ ಗಟ್ಟಿಯಾಗಿ ಹಿಡಿಯುತ್ತದೆ. 'ಕಚ್ಚುತ್ತದೆ' ಎಂದು ಹೆಸರು ಕೆಡಿಸಿಕೊಂಡ ಎಷ್ಟೋ ಹಕ್ಕಿಗಳ ಕಥೆ ಶುರುವಾಗಿದ್ದು ಹೀಗೆ.

ಗ್ರೇ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ನನಗೆ ಆ ಜಾತಿಯ ಮೇಲೆ ಪಕ್ಷಪಾತ ಇದೆ. ಅದು ಮಾತಾಡುತ್ತಿಲ್ಲ ಅಂದರೆ ಮಾತು ಮರೆತಿಲ್ಲ. ಮಾತಾಡಿಸುತ್ತಿದ್ದವರು ಇಲ್ಲ, ಅಷ್ಟೆ. ಅದರ ಮುಂದೆ ನಿಂತು 'ಮಾತಾಡು, ಮಾತಾಡು' ಎನ್ನಬೇಡಿ. ನೇರ ಎದುರಿಗೆ ನಿಂತು ಎರಡೂ ಕಣ್ಣಿಂದ ದಿಟ್ಟಿಸುವುದು ಬೇಟೆಯಾಡುವ ಪ್ರಾಣಿಯ ಲಕ್ಷಣ. ಗಿಳಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಅದು ಮತ್ತೊಬ್ಬರನ್ನು ಒಂದು ಕಣ್ಣಿಂದ, ಓರೆಯಾಗಿ ನೋಡುತ್ತದೆ. ನೀವೂ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಪಂಜರದಿಂದ ಎಷ್ಟು ದೂರ? ಅದು ಮೈ ಬಿಗಿ ಮಾಡದೆ ಇರುವಷ್ಟು ದೂರ. ಕೋಣೆಯ ಆ ತುದಿಯಾದರೂ ಸರಿ. ದಿನಾ ಅದೇ ಹೊತ್ತಿಗೆ ಹೋಗಿ, ನಿಮ್ಮ ಕೆಲಸ ನೀವು ಮಾಡಿಕೊಳ್ಳಿ, ಓದಿ, ನೀವೇನೋ ತಿನ್ನಿ. ಹೋಗುವಾಗ ಬಟ್ಟಲಿಗೆ ಅದಕ್ಕೆ ಇಷ್ಟವಾದದ್ದು ಒಂದು ಹಾಕಿ ಹೋಗಿ. ಒಂದು ದಿನ ನಿಮ್ಮ ಎದುರಿಗೇ ಗರಿ ಕೊಡವಿ ಕೊಕ್ಕಿನಿಂದ ತಿದ್ದಿಕೊಳ್ಳುತ್ತದೆ. ಅದನ್ನು ಬರೆದಿಡಿ. ಹೆದರಿದ ಹಕ್ಕಿ ನಿಮ್ಮ ಮುಂದೆ ಗರಿ ತಿದ್ದಿಕೊಳ್ಳುತ್ತಾ ಕೂರುವುದಿಲ್ಲ. ಒಂಟಿ ಕಾಲಲ್ಲಿ ನಿಂತು ಕೊಕ್ಕು ಕರಕರ ಮಸೆಯಿತೆಂದರೆ ನಿದ್ದೆಗೆ ಜಾರುತ್ತಿದೆ, ಇನ್ನೂ ಒಳ್ಳೆಯ ಸುದ್ದಿ. ಉಬ್ಬಿಕೊಂಡು ಎರಡೂ ಕಾಲೂರಿ ಕೂತು, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಮಾತ್ರ ಅದು ಕಾಯಿಲೆ. ಇವೆರಡನ್ನು ಬೆರೆಸಿಕೊಳ್ಳಬೇಡಿ.

ಗಿಳಿಗಳು ಗುಂಪಿನಲ್ಲಿ ಒಬ್ಬರನ್ನೊಬ್ಬರು ಕೂಗಿ 'ಇದ್ದೀಯಾ?' ಎಂದು ವಿಚಾರಿಸುತ್ತಿರುತ್ತವೆ. ವೆನೆಜುವೆಲಾದ ಒಂದು ಜಾತಿಯ ಪುಟ್ಟ ಗಿಳಿಗಳ ಗೂಡಿನಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬದಲಿಸಿ ನೋಡಿದರು. ಮರಿಗಳ ಕೂಗು ಹೆತ್ತವರದ್ದಕ್ಕಲ್ಲ, ಸಾಕಿದವರದ್ದಕ್ಕೆ ಹೋಲುತ್ತಿತ್ತು. ಅಂದರೆ ಕೂಗು ಮನೆಯಲ್ಲಿ ಕಲಿತದ್ದು, ಹೆಚ್ಚು ಕಡಿಮೆ ಹೆಸರಿನ ಹಾಗೆ. ನಿಮ್ಮ ಗ್ರೇಗೂ ಅಂಥ ಒಂದು ಕೂಗು ಇದ್ದೇ ಇರುತ್ತದೆ: ಶಿಳ್ಳೆಯೋ, ಫೋನ್ ರಿಂಗೋ, ತೀರಿಕೊಂಡವರ ಕೆಮ್ಮೋ. ನೀವು ಕೋಣೆಯಿಂದ ಹೊರಗೆ ಹೋಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಿ. ಗ್ರೇಗಳು ಯಾರೂ ಇಲ್ಲದಾಗ ಜಾಸ್ತಿ ಮಾತಾಡುತ್ತವೆ. ಅದು ಕೂಗಿದಾಗ ಅದೇ ಶಿಳ್ಳೆಯನ್ನು ವಾಪಸ್ ಹಾಕಿ. ಹೋದವರ ದನಿಯಲ್ಲೇ ಅದು ಮಾತಾಡಿದರೆ ನಿಮಗೆ ಒಂದು ಕ್ಷಣ ಮೈ ಜುಮ್ಮೆನ್ನಬಹುದು. ನನಗೆ ಈಗಲೂ ಆಗುತ್ತದೆ.

ಇನ್ನೊಂದು ಉಪಾಯ ಐರೀನ್ ಪೆಪ್ಪರ್‌ಬರ್ಗ್ ಅವರದು. 1977ರಿಂದ 2007ರವರೆಗೆ ಅಲೆಕ್ಸ್ ಎಂಬ ಗ್ರೇ ಜೊತೆ ಕೆಲಸ ಮಾಡಿದ ವಿಜ್ಞಾನಿ ಅವರು. ಅಲೆಕ್ಸ್‌ಗೆ ನೇರವಾಗಿ ಪಾಠ ಹೇಳುವ ಬದಲು ಅದರ ಎದುರು ಇಬ್ಬರು ಮನುಷ್ಯರು ಮಾತಾಡಿಕೊಳ್ಳುತ್ತಿದ್ದರು. ಒಬ್ಬರು ವಸ್ತು ತೋರಿಸಿ ಹೆಸರು ಕೇಳುವುದು, ಇನ್ನೊಬ್ಬರು ಸರಿಯಾಗಿ ಹೇಳಿ ಅದನ್ನು ಗಿಟ್ಟಿಸಿಕೊಳ್ಳುವುದು. ಗಿಳಿ ನೋಡುತ್ತಾ ನೋಡುತ್ತಾ ತನಗೂ ಬೇಕು ಅನ್ನುತ್ತಿತ್ತು. ನೀವು ಮಾತು ಕಲಿಸಬೇಕಿಲ್ಲ, ಧೈರ್ಯ ಕಲಿಸಿದರೆ ಸಾಕು. ಹೊಸ ಆಟಿಕೆಯನ್ನು ಪಂಜರದೊಳಗೆ ತುರುಕಬೇಡಿ, ಗ್ರೇಗೆ ಹೊಸದೆಲ್ಲ ದೆವ್ವ. ಇನ್ನೊಬ್ಬ ಸ್ವಯಂಸೇವಕರ ಜೊತೆ ಅದರ ಕಣ್ಣಿಗೆ ಕಾಣುವ ಹಾಗೆ ಕೂತು ನೀವಿಬ್ಬರೇ ಆ ಆಟಿಕೆಗೆ ಕಿತ್ತಾಡಿ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಮೂಲೆಯಿಂದ ಕತ್ತು ಉದ್ದವಾಗುವುದನ್ನು ನೋಡುತ್ತೀರಿ.

ಕಾಕಟೂ ಪ್ರೀತಿಯೇ ನನಗೆ ಜಾಸ್ತಿ ಚಿಂತೆ. ಅದು ನಿಮ್ಮನ್ನು ಆರಿಸಿಕೊಂಡಿಲ್ಲ, ನೀರಲ್ಲಿ ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿದ ಹಾಗೆ ಹಿಡಿದಿದೆ. ನೀವು ವಾರಕ್ಕೆ ಎಷ್ಟು ದಿನ ಹೋಗುತ್ತೀರೋ ಅಷ್ಟೇ ಅದಕ್ಕೆ ಸಿಗುವುದು, ಉಳಿದ ದಿನ ಅದು ಕಿರುಚುತ್ತದೆ. ಮೂರನೇ ವಾರಕ್ಕೆ ಆ ಕಿರುಚಾಟ ಶುರುವಾದರೆ ಹಕ್ಕಿ ಕೆಟ್ಟಿತು ಅನ್ನಬೇಡಿ. ಬೆಳಿಗ್ಗೆ ಸಂಜೆ ಕೂಗುವುದು ಹೇಗೂ ಕಾಕಟೂಗಳ ಹುಟ್ಟುಗುಣ, ಅದು ತಪ್ಪಲ್ಲ. ಹತ್ತು ನಿಮಿಷ ಜೊತೆಗಿರಿ, ಆಮೇಲೆ ಹರಿಯಲು ಕಾಗದ, ಸೀಳಲು ಮೆತ್ತನೆ ಮರದ ತುಂಡು ಕೊಟ್ಟು ಪಂಜರದ ಪಕ್ಕದಲ್ಲೇ ಇದ್ದು ಅದನ್ನು ಆಡಲು ಬಿಡಿ. ಸುಮ್ಮನೆ ಆಡುತ್ತಿರುವಾಗ ಮಾತಾಡಿಸಿ. ಕಿರುಚಿದಾಗ ಓಡಿ ಬರಬೇಡಿ. ಸವರುವುದು ತಲೆ, ಕತ್ತು ಮಾತ್ರ. ಬೆನ್ನು, ರೆಕ್ಕೆಯ ಕೆಳಗೆ ಸವರಿದರೆ ಗಿಳಿಗೆ ಅದು ಜೋಡಿಯಾಗುವ ಸೂಚನೆ. ಆಮೇಲೆ ನಿಮ್ಮ ಹತ್ತಿರ ಬಂದವರನ್ನೆಲ್ಲ ಅದು ಓಡಿಸಲು ಶುರು ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಇಬ್ಬರು ಮೂವರು ಸ್ವಯಂಸೇವಕರೂ ಅದಕ್ಕೆ ಊಟ ಕೊಡಲಿ.

ಊಟ ಅಂದಾಗ ನೆನಪಾಯಿತು. ಬರೀ ಕಾಳು ತಿಂದು ಬೆಳೆದ ಗಿಳಿಗಳಿಗೆ ಎ ಜೀವಸತ್ವ ಸಾಲದೆ ಮೂಗು, ಗಂಟಲಿನ ಸೋಂಕು ಬರುತ್ತದೆ. ಗ್ರೇಗಳಿಗೆ ಕ್ಯಾಲ್ಸಿಯಂ ಕಡಿಮೆಯಾಗಿ ಫಿಟ್ಸ್ ಬರುವುದೂ ಉಂಟು. ಹಾಗಾಗಿ ಪೆಲೆಟ್, ಅಂದರೆ ಗಿಳಿಗಳಿಗೆಂದೇ ಮಾಡಿದ ಗುಳಿಗೆಯಂಥ ಆಹಾರದ ಕಡೆಗೆ ತಿರುಗಿಸಲೇಬೇಕು, ಆದರೆ ಈಗಲ್ಲ. ಮೊದಲ ವಾರಗಳಲ್ಲಿ ಹಳೆಯ ಊಟವೇ ಇರಲಿ. ಪೆಲೆಟ್ ನೋಡೇ ಇರದ ಹಕ್ಕಿಗೆ ಅದು ಕಲ್ಲು. ಹಸಿದರೆ ತಿನ್ನುತ್ತದೆ ಎಂದು ಕಾಯುವುದು ಅಪಾಯ, ತಿನ್ನದೆಯೇ ಸಾಯಬಹುದು.

ಕಾಕಟೀಲ್‌ಗಳ ಬಗ್ಗೆ ನೀವು ಏನೂ ಕೇಳಿಲ್ಲ. ಗಲಾಟೆ ಮಾಡದವರನ್ನು ಎಲ್ಲರೂ ಮರೆಯುತ್ತಾರೆ. ಅವು ಒಂದೇ ಕೋಲಿನ ಮೇಲೆ ಮೈಗೆ ಮೈ ತಾಗಿಸಿ ಕೂರುತ್ತವಾ, ಒಂದರ ತಲೆ ಇನ್ನೊಂದು ತಿದ್ದುತ್ತದಾ ಎಂದು ನೋಡಿ. ಹೌದಾದರೆ ಹಾಳೆಯ ಮೇಲೆ ದೊಡ್ಡದಾಗಿ 'ಜೋಡಿ, ಬೇರೆ ಮಾಡಬಾರದು' ಎಂದು ಬರೆಯಿರಿ. ರಾತ್ರಿ ಕೋಣೆಯಲ್ಲಿ ಚಿಕ್ಕ ದೀಪ ಉರಿಯಲಿ. ಕಾಕಟೀಲ್‌ಗಳು ಕತ್ತಲಲ್ಲಿ ಸಣ್ಣ ಸದ್ದಿಗೂ ಬೆಚ್ಚಿ ಪಂಜರಕ್ಕೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತವೆ.

ಎರಡು ವಾರಕ್ಕೆ ಕೊಡಬೇಕಾದ ಹಾಳೆಯಲ್ಲಿ ಹಾಗಾದರೆ ಏನಿರಲಿ? ಪ್ರತಿ ಹಕ್ಕಿಗೆ ತೂಕ, ಏನು ತಿನ್ನುತ್ತದೆ, ಯಾವ ಪರೀಕ್ಷೆ ಆಗಿದೆ, ಯಾವುದು ಬಾಕಿ. ಅದರ ಕೆಳಗೆ ನಿಮ್ಮ ನೋಟ್‌ಬುಕ್‌ನಿಂದ ಐದಾರು ಸಾಲು, ತಾರೀಖಿನ ಜೊತೆ. ಅಮೆಜಾನ್‌ಗೆ ಹೀಗೆ: 'ಹೊರಗಿನಿಂದ ಬೀಜ ಕೊಟ್ಟರೆ ತೆಗೆದುಕೊಳ್ಳುತ್ತದೆ. ಪಂಜರದೊಳಗೆ ಕೈ ಹಾಕಿದರೆ ಕತ್ತಿನ ಗರಿ ಎತ್ತುತ್ತದೆ. ಒಮ್ಮೆ ಕಚ್ಚಿದೆ.' ಕೊನೆಗೆ ಒಂದು ಸಾಲು, 'ಕ್ವಾರಂಟೈನ್ ಮುಗಿದು ಒಂದು ತಿಂಗಳಾದ ಮೇಲೆ ಮತ್ತೆ ಬರೆಯಲಾಗುವುದು.' ಸ್ವಭಾವ ಎಂಬ ಕಾಲಂ ಖಾಲಿ ಯಾಕೆ ಎಂದು ಯಾರಾದರೂ ಕೇಳಿದರೆ ನನ್ನ ಆರು ವಾರದ ಅಮೆಜಾನ್ ಕಥೆ ಹೇಳಿ, ನನಗೇನೂ ಬೇಜಾರಿಲ್ಲ.